ತಾಳೆಯ ತುದಿಯಲ್ಲಿ ಮುರಿದ ಉಪವಾಸಗಳು

ರೋಹೀಮನ ಎರಡೂ ಪಾದಗಳ ಒಳಮಗ್ಗುಲಲ್ಲಿ, ಮರಕ್ಕೆ ಕಟ್ಟಿದ ಬಿದಿರೇಣಿಯ ಗೆಣ್ಣು ಒತ್ತುವ ಕಡೆ, ಚರ್ಮ ತೆಂಗಿನ ಚಿಪ್ಪಿನಷ್ಟು ಗಟ್ಟಿಯಾಗಿತ್ತು. ಬೆಲ್ಲಕ್ಕೆಂದು ರಸ ಇಳಿಸಲು ಮೂವತ್ತು ವರ್ಷ ದಿನಕ್ಕೆ ಎರಡು ಸಲ ತಾಳೆ ಮರ ಹತ್ತಿ ಇಳಿದವನ ಪಾದ ಅದು. ಒಂದು ಕಡೆ ಸರೋವರ, ಇನ್ನೊಂದು ಕಡೆ ಕಡಲು, ನಡುವೆ ಗದ್ದೆಯ ಬದುಗಳ ಮೇಲೆ ಸಾಲು ತಾಳೆ. ದಕ್ಷಿಣ ಥಾಯ್ಲೆಂಡಿನ ಸಥಿಂಗ್ ಫ್ರಾದ ಆ ನೆಲದಲ್ಲಿ ಮರ ಹತ್ತುವವರಿಗೆ ಬರವಿರಲಿಲ್ಲ. ಆದರೆ ಬೆಳಿಗ್ಗೆ ಇಪ್ಪತ್ತೆರಡು, ಬಿಸಿಲು ಇಳಿಮುಖವಾದ ಮೇಲೆ ಮತ್ತೆ ಅದೇ ಇಪ್ಪತ್ತೆರಡು ಮರ ಹತ್ತುವ ಐವತ್ತು ದಾಟಿದ ಗಂಡಸು ಅವನೊಬ್ಬನೇ. ಮಸೀದಿ ಕೇರಿಯವರಿರಲಿ, ಬುದ್ಧನ ಗುಡಿಯ ಕೇರಿಯವರೂ ಅವನನ್ನು ಬಾಂಗ್ ರೋಹೀಮ್ ಎಂದೇ ಕರೆಯುತ್ತಿದ್ದರು. ಬಾಂಗ್ ಎಂದರೆ ಅಣ್ಣ. ಅವನಿಗಿಂತ ಹಿರಿಯರ ಬಾಯಲ್ಲೂ ಆ ಮಾತು ಬಂದುಬಿಡುತ್ತಿತ್ತು.

ಅವನಿಗೆ ಹೆಣ್ಣು ಸಿಕ್ಕಿದ್ದೂ ದುಡಿಮೆಯ ಹೆಸರಿನಿಂದ. ಇಪ್ಪತ್ತಮೂರರ ವಯಸ್ಸಿನಲ್ಲಿ ರೊಬಿಯಾಳನ್ನು ಕೇಳಲು ಹೋದಾಗ ಅವಳ ಅಪ್ಪ ಮೊದಲು ನೋಡಿದ್ದು ಅವನ ತುಟಿಯನ್ನು. ತುಟಿ, ಕೆನ್ನೆ ಎರಡೂ ಕಪ್ಪಿಟ್ಟಿದ್ದವು.

“ಸೊಪ್ಪು ಅಗೀತೀಯಾ?” ಮುದುಕ ಕೇಳಿದ್ದ.

“ಮೂರು ಎಲೆ, ಮರ ಹತ್ತೋವಾಗ” ಎಂದಿದ್ದ ರೋಹೀಮ್ ತಲೆ ತಗ್ಗಿಸಿ.

“ತಲೆ ಯಾಕೆ ತಗ್ಗಿಸ್ತೀಯಪ್ಪ? ಗಾಂಜಾ ಸೇದೋನಾಗಿದ್ರೆ ಇಷ್ಟೊತ್ತಿಗೆ ಅಂಗಳದಿಂದಾಚೆ ಇರ್ತಿದ್ದೆ. ಗಾಂಜಾದೋನು ಮರದ ಕೆಳಗೆ ಮಲಗ್ತಾನೆ, ತೋಮ್ ಸೊಪ್ಪಿನೋನು ಮರದ ಮೇಲಿರ್ತಾನೆ. ನಂಗೆ ಮೇಲಿರೋನೇ ಬೇಕು.”

ಕ್ರತೋಮ್ ಎನ್ನುವ ಉದ್ದದ ಹೆಸರು ಆಸ್ಪತ್ರೆಯವರದು, ಪೊಲೀಸರದು. ಊರಿನ ಬಾಯಲ್ಲಿ ಅದು ತೋಮ್. ಎಲೆಯ ನಡುವಿನ ನಾರನ್ನು ಸರ್ರನೆ ಎಳೆದು ಬಿಸಾಕಿ, ಉಳಿದದ್ದನ್ನು ಮಡಿಸಿ, ಒಂದು ಹರಳು ಉಪ್ಪಿನೊಂದಿಗೆ ದವಡೆಗೆ ಇಟ್ಟರೆ ಮೊದಲು ಕಹಿ, ಆಮೇಲೆ ಬಿಸಿಲಿನ ಭಾರ ಹೆಗಲಿಂದ ಇಳಿದಂತೆ. ಸೊಪ್ಪು ಅಗಿಯುವವನು ಉರಿಬಿಸಿಲಿಗೆ ಅಂಜುವುದಿಲ್ಲ, ಆಕಾಶದಲ್ಲಿ ಒಂದು ಮೋಡ ಕಂಡರೆ ಮಾತ್ರ ಮೈಯೆಲ್ಲ ಚಳಿ ಹಿಡಿದು ಮನೆ ಸೇರುತ್ತಾನೆ. ಊರಿನಲ್ಲಿ ಇದು ನಗುವ ವಿಷಯವಾಗಿತ್ತು. ಅದರಲ್ಲಿ ನಾಚಿಕೆ ಏನೂ ಇರಲಿಲ್ಲ.

ಮೊದಲ ಹದಿನೈದು ವರ್ಷ ಉಪವಾಸದ ತಿಂಗಳೂ ಅವನಿಗೆ ಕಷ್ಟವಾಗಿರಲಿಲ್ಲ. ಬೆಳಗಿನ ಜಾವ ಊಟ ಮುಗಿಸಿ ಎರಡೆಲೆ, ಸಂಜೆ ಖರ್ಜೂರ ತಿಂದ ಮೇಲೆ ಎರಡೆಲೆ. ನಡುವೆ ಬಾಯಿ ಒಣಗುತ್ತಿತ್ತು, ಎಲ್ಲರ ಬಾಯೂ ಒಣಗುತ್ತಿತ್ತು. ಆದರೆ ಮೂರೆಲೆ ಹತ್ತಾಯಿತು, ಹತ್ತು ಇಪ್ಪತ್ತಾಯಿತು. ಎಂದು ಹೀಗಾಯಿತು ಎಂದು ಕೇಳಿದರೆ ಅವನು ಒಂದು ದಿನವನ್ನೂ ತೋರಿಸಲಾರ. ಸೊಪ್ಪಿನ ಮೇಲಿನ ನಿಷೇಧ ತೆಗೆದ ವರ್ಷ ಹಿತ್ತಲಲ್ಲಿ ಗಿಡ ನೆಟ್ಟ. ಅದು ಮನೆಯ ಮಾಡು ಮುಟ್ಟುವಷ್ಟರಲ್ಲಿ ಎಲೆ ಅಗಿದರೆ ಸಾಲದೆ ಕುದಿಸಿ ಕುಡಿಯಲು ಶುರುಮಾಡಿದ್ದ. ದಿನಕ್ಕೆ ಅರವತ್ತು ಎಲೆ. ಹೊಟ್ಟೆ ಕಟ್ಟಿಕೊಂಡು ನಾಲ್ಕೈದು ದಿನಕ್ಕೊಮ್ಮೆ ಹೊರಕಡೆಗೆ ಹೋಗುವಂತಾಯಿತು. ಮೈ ಇಳಿಯಿತು. ಕೇಳಿದವರಿಗೆ “ಮರ ಹತ್ತೋನು ದಪ್ಪ ಇದ್ರೆ ಮರಕ್ಕೇ ಕಷ್ಟ” ಎನ್ನುತ್ತಿದ್ದ. ಜನ ನಗುತ್ತಿದ್ದರು.

ಮೂರು ವರ್ಷದ ಹಿಂದೆ, ಉಪವಾಸದ ಆರನೆಯ ದಿನ, ಒಂಬತ್ತನೆಯ ಮರದ ಮೇಲೆ ಅವನು ಮೊದಲ ಸಲ ಮುರಿದ.

ಅಂದು ಬೆಳಿಗ್ಗೆಯಿಂದ ಆಕಳಿಕೆ ನಿಲ್ಲುತ್ತಿರಲಿಲ್ಲ. ಕಣ್ಣು ಮೂಗು ಸೋರುತ್ತಿದ್ದವು. ಮೊಣಕಾಲಿನ ಒಳಗೆ ಯಾರೋ ದಾರ ಕಟ್ಟಿ ಜಗ್ಗಿದಂತೆ ಕಾಲು ತನ್ನಷ್ಟಕ್ಕೆ ಅದುರುತ್ತಿತ್ತು. ಅರವತ್ತು ಅಡಿ ಮೇಲೆ, ಒಂಟಿ ಬಿದಿರಿನ ಗೆಣ್ಣಿನ ಮೇಲೆ ನಿಂತವನ ಕಾಲು ಅದುರುವುದೆಂದರೇನು ಎಂದು ಅವನಿಗೆ ಗೊತ್ತಿತ್ತು. ಬಿದ್ದು ಸಾಯುವುದಕ್ಕಿಂತ ಇದು ವಾಸಿ ಎಂದುಕೊಂಡು, ಸೊಂಟದ ಬಟ್ಟೆಯಲ್ಲಿ ಉಳಿದಿದ್ದ ಎಲೆ ತೆಗೆದು ಬಾಯಿಗೆ ಹಾಕಿದ. ಸುತ್ತಲೂ ತಾಳೆಗರಿ. ಕೆಳಗಿನವರಿಗೆ ಅವನ ಅಂಗಾಲು ಬಿಟ್ಟರೆ ಏನೂ ಕಾಣದು. ಗರಿಯ ನಡುವೆ ತಲೆ ಹುದುಗಿಸಿಕೊಂಡು ಅಗಿಯುವಾಗ ಅವನಿಗೆ ಅನಿಸಿತು: ಊರಿನಲ್ಲೇ ಆಕಾಶಕ್ಕೆ ಎಲ್ಲರಿಗಿಂತ ಹತ್ತಿರ ಕೂತು ಈ ಕೆಲಸ ಮಾಡುತ್ತಿದ್ದೇನೆ. ಆ ದಿನ ಇನ್ನೇನೂ ತಿನ್ನಲಿಲ್ಲ, ನೀರು ಕುಡಿಯಲಿಲ್ಲ. ಅದರಿಂದ ಲೆಕ್ಕ ಸರಿಹೋಗುವುದಿಲ್ಲ ಎಂದು ಗೊತ್ತಿದ್ದೂ ಕುಡಿಯಲಿಲ್ಲ.

ಮರುದಿನವೂ ಮುರಿದ. ಆಮೇಲೆ ಅದಕ್ಕೊಂದು ವ್ಯವಸ್ಥೆ ಮಾಡಿಕೊಂಡ. ರಸ ಹಿಡಿಯಲು ಹೊಂಬಾಳೆಗೆ ಕಟ್ಟುವ ಬಿದಿರಿನ ಅಂಡೆಗಳನ್ನು ರೊಬಿಯಾ ದಿನವೂ ಹೊಗೆಯ ಮೇಲೆ ಮಗುಚಿಟ್ಟು ಒಣಗಿಸಿ, ರಸ ಹುಳಿಯಾಗದಂತೆ ಪ್ರತಿಯೊಂದರಲ್ಲೂ ಕಹಿ ಮರದ ಚಕ್ಕೆ ಹಾಕಿ, ಗೊಂಚಲು ಕಟ್ಟಿ ಕೊಡುತ್ತಿದ್ದಳು. ಒಂದು ಅಂಡೆಯ ಕುತ್ತಿಗೆಗೆ ರೋಹೀಮ್ ಕಪ್ಪು ದಾರ ಸುತ್ತಿದ. ಅದರೊಳಗೆ ಎಲೆ. ಅದು ಎಂದೂ ಹೊಂಬಾಳೆಗೆ ಹೋಗುತ್ತಿರಲಿಲ್ಲ. ಸೊಂಟದಲ್ಲಿ ಮೇಲೆ ಹೋಗಿ ಸೊಂಟದಲ್ಲೇ ಕೆಳಗಿಳಿಯುತ್ತಿತ್ತು.

ಸಂಜೆ ಹೊತ್ತು ಮುಳುಗುವ ಮುಂಚೆ ಒಂದು ಬಕೆಟ್ ತಾಜಾ ರಸವನ್ನು ಅವನು ಮಸೀದಿಗೆ ಕೊಡುತ್ತಿದ್ದ. ಮದುವೆಯಾದ ವರ್ಷದಿಂದ ನಡೆದುಬಂದದ್ದು. ಇಡೀ ಕೇರಿ ಉಪವಾಸ ಬಿಡುತ್ತಿದ್ದುದು ಅವನ ಮರದ ರಸದಿಂದ. ಮಸಾಲೆ ಗಂಜಿ ತಡವಾದರೂ ಜನ ಸುಮ್ಮನಿರುತ್ತಿದ್ದರು. ಆ ಬಕೆಟ್ ತಡವಾದರೆ ಬಾಗಿಲ ಕಡೆ ನೋಡುತ್ತಿದ್ದರು.

ಈ ವರ್ಷ, ಉಪವಾಸದ ಹದಿನಾರನೆಯ ಸಂಜೆ, ಇಮಾಮ್ ಮೂಸೊ ರಸದ ಲೋಟ ಕೈಯಲ್ಲಿ ಹಿಡಿದು ಪಡ್ಡೆಗಳ ಕಡೆ ತಿರುಗಿದರು. “ಫ್ಯಾನ್ ಕೆಳಗೆ ಮಲಗಿ ಬಾಯಾರಿಕೆ ಬಾಯಾರಿಕೆ ಅಂತೀರಲ್ಲ, ಅಲ್ಲಿ ನೋಡಿ. ನಲವತ್ತನಾಲ್ಕು ಸಲ ಮರ ಹತ್ತಿ ಇಳಿದು ಬಂದು ಕೂತಿದಾನೆ. ಒಂದು ದಿನ ಗೊಣಗಿದ್ದು ಕೇಳಿದೀರಾ?”

ಎಲ್ಲರೂ ರೋಹೀಮನತ್ತ ನೋಡಿದರು. ಅವನು ಖರ್ಜೂರದ ಬೀಜವನ್ನು ಅಂಗೈಯಲ್ಲಿ ಹೊರಳಿಸುತ್ತ ಕೂತ. ಕಿವಿ ಬಿಸಿಯಾಯಿತು. ಇಮಾಮರು ಅದನ್ನು ವಿನಯವೆಂದು ತಿಳಿದು ಇನ್ನೂ ಎರಡು ಮಾತು ಹೊಗಳಿದರು.

ಮರುದಿನ ಜಾವದಲ್ಲಿ ಅವನು ಗಟ್ಟಿ ಮನಸ್ಸು ಮಾಡಿದ: ಇಂದು ಮುರಿಯುವುದಿಲ್ಲ. ಆದರೂ ಕಪ್ಪು ದಾರದ ಅಂಡೆಯನ್ನು ತುಂಬಿಸಿಯೇ ಸೊಂಟಕ್ಕೆ ಕಟ್ಟಿಕೊಂಡ. ಇರಲಿ ಅಂತ. ಏಳು ಮರದವರೆಗೆ ಎಲ್ಲ ಸರಿಯಿತ್ತು. ಹನ್ನೊಂದರ ಹೊತ್ತಿಗೆ ಬೆನ್ನಿನ ಮೇಲೆ ತಣ್ಣನೆ ಬೆವರು, ಕಣ್ಣಲ್ಲಿ ನೀರು. ಹೊಂಬಾಳೆಯ ತುದಿ ಕೊಯ್ಯುವ ಕತ್ತಿ ಎರಡು ಸಲ ಬೆರಳಿಗೆ ತಾಗಿತು. ತುಂಬಿದ ಅಂಡೆ ಬಿಚ್ಚಿ ಖಾಲಿ ಅಂಡೆ ಕಟ್ಟುವುದನ್ನು ಕೈ ತನ್ನಷ್ಟಕ್ಕೆ ಮಾಡುತ್ತಿತ್ತು, ಕಣ್ಣು ನೋಡುತ್ತಿರಲಿಲ್ಲ. ಹೇಗೋ ಇಪ್ಪತ್ತೆರಡೂ ಮುಗಿಸಿ ಮನೆಗೆ ಬಂದು ಚಾಪೆಯ ಮೇಲೆ ಬಿದ್ದ. ಸ್ವಲ್ಪ ಹೊತ್ತಿಗೆ ಕಪ್ಪು ದಾರದ ನೆನಪಾಗಿ ಗೊಂಚಲು ತಡಕಾಡಿದ. ಅದು ಇರಲಿಲ್ಲ. ಗದ್ದೆಯಲ್ಲಿ ಎಲ್ಲೋ ಬಿದ್ದಿರಬೇಕು ಎಂದುಕೊಂಡ. ಹೋಗಿ ಹುಡುಕುವ ತ್ರಾಣ ಇರಲಿಲ್ಲ.

ರೊಬಿಯಾ ಬಂದು ಹಣೆ ಮುಟ್ಟಿದಳು. “ಬಾಂಗ್, ಮೈ ಹಿಂಗೆ ಅದುರ್ತಿದೆ. ಉಪವಾಸ ಬಿಡಿ. ಕಾಯಿಲೆಯೋರಿಗೆ ದೇವರೇ ಬಿಡು ಅಂದಿದಾನೆ.”

“ಬೇಡ.”

“ಸತ್ತು ಸ್ವರ್ಗಕ್ಕೆ ಹೋಗೋ ಅವಸರಾನಾ?”

“ಬೇಡ ಅಂದ್ನಲ್ಲ!” ಅವನು ಗದರಿದ. ಕಾಯಿಲೆ ಯಾವುದು ಎಂದು ಹೇಳದೆ ಕಾಯಿಲೆಯ ರಿಯಾಯಿತಿ ಪಡೆಯಲು ಬಾಯಿ ಬರಲಿಲ್ಲ. ಅವಳು ಎದ್ದುಹೋಗಿ ತಮ್ಮನಿಗೆ ಫೋನ್ ಮಾಡಿದಳು.

ತಮ್ಮ ಮಾಲೇಕನಿಗೆ ನಲವತ್ತೊಂದು. ಸೊಪ್ಪಿಗೆ ಇನ್ನೂ ನಿಷೇಧವಿದ್ದ ಕಾಲದಲ್ಲಿ ಚೆಕ್‌ಪೋಸ್ಟಿನಲ್ಲಿ ಒಂದು ಚೀಲ ಎಲೆಯೊಂದಿಗೆ ಸಿಕ್ಕಿಬಿದ್ದು ಜೈಲಿಗೆ ಹೋಗಿಬಂದವನು. ಬಂದ ಮೇಲೆ ಎಲೆ ಮುಟ್ಟಿರಲಿಲ್ಲ. ಏಳು ವರ್ಷವಾಗಿತ್ತು, ಆದರೂ ಮದುವೆ ಮನೆಗಳಲ್ಲಿ ಅವನು ಎದ್ದು ಹಿತ್ತಲಿಗೆ ಹೋದರೆ ನಾಲ್ಕು ಕಣ್ಣು ಹಿಂದೆ ಹೋಗುತ್ತಿದ್ದವು. ಈಗ ಒಂದು ಒಳ್ಳೆಯ ಕೆಲಸ ಕೈಗೆ ಬರುವಂತಿತ್ತು: ದೂರದ ಮನೆಗಳ ಮಕ್ಕಳನ್ನು ಮಸೀದಿಯ ಪಾಠಕ್ಕೆ ಕರೆತಂದು ಬಿಡುವ ಸೈಡ್‌ಕಾರಿನ ಗಾಡಿ ಓಡಿಸುವುದು. ಶುಕ್ರವಾರದ ನಮಾಜಿನ ನಂತರ ಕಮಿಟಿ ಕೂತು ಹೆಸರು ಗಟ್ಟಿ ಮಾಡುವುದಿತ್ತು. ಅವನು ಆಗಲೇ ಗಾಡಿಗೆ ಮಕ್ಕಳ ಅಳತೆಯ ಎರಡು ಹಲಗೆ ಬೆಂಚು ಕೂರಿಸಿದ್ದ.

ಅಂದು ಸಂಜೆಯ ಇಪ್ಪತ್ತೆರಡು ಮರಗಳನ್ನು ಮಾಲೇಕ್ ಹತ್ತಿದ. ಅಭ್ಯಾಸ ತಪ್ಪಿ ತಡವಾಯಿತು. ಅಂಡೆಗಳನ್ನು ಗಡಿಬಿಡಿಯಲ್ಲಿ ನೇರ ಬಕೆಟಿಗೆ ಬಗ್ಗಿಸಿ, ಅದನ್ನು ಗಾಡಿಯಲ್ಲಿಟ್ಟುಕೊಂಡು ಮಸೀದಿಗೆ ಓಡಿದ. ರೋಹೀಮನೂ ಗೋಡೆ ಹಿಡಿದುಕೊಂಡು ಬಂದು ಕೂತ.

ಇಮಾಮರ ಹೆಂಡತಿ ಸೈನಬ್ ಅಂಗಳದಲ್ಲಿ ಬಟ್ಟೆ ಹಿಡಿದು ರಸ ಸೋಸುತ್ತಿದ್ದಳು. ನೊರೆ, ಮರದ ಚಕ್ಕೆ, ಒಂದೆರಡು ಜೇನುನೊಣ. ಆಮೇಲೆ ಅವಳ ಕೈ ನಿಂತಿತು. ಬಟ್ಟೆಯಿಂದ ಏನನ್ನೋ ಎರಡು ಬೆರಳಲ್ಲಿ ಎತ್ತಿದಳು. ನೆನೆದು ಕಪ್ಪಾದ ಎಲೆ. ಮತ್ತೊಂದು. ಆರು ಎಲೆ, ಅಚ್ಚುಕಟ್ಟಾಗಿ ಮಡಿಸಿದ್ದು. ಆ ಊರಿನಲ್ಲಿ ಅದನ್ನು ಗುರುತಿಸದ ಕಣ್ಣೇ ಇರಲಿಲ್ಲ.

“ಮಸೀದಿ ರಸದಲ್ಲಿ ತೋಮ್” ಎಂದಳು ಸೈನಬ್, ಮೆಲ್ಲಗೆ.

ರೋಹೀಮನಿಗೆ ಕಪ್ಪು ದಾರದ ಅಂಡೆ ಎಲ್ಲಿ ಹೋಗಿತ್ತು ಎಂದು ಆಗ ಹೊಳೆಯಿತು. ತಾನೇ ಅದನ್ನು ಹೊಂಬಾಳೆಗೆ ಕಟ್ಟಿಬಂದಿದ್ದ. ದಿನವಿಡೀ ಎಲೆಯ ಮೇಲೆ ರಸ ತೊಟ್ಟಿಕ್ಕಿತ್ತು.

“ಇವತ್ತು ಮರ ಹತ್ತಿದ್ದು ಯಾರು?” ಯಾರೋ ಕೇಳಿದರು.

“ಬಾಂಗ್ ರೋಹೀಮ್‌ಗೆ ಜ್ವರ. ಮಾಲೇಕ್ ಹತ್ತಿದ್ದು.”

ಕಂಬಕ್ಕೆ ಒರಗಿದ್ದ ಮುದುಕ ದೇಮ ಹಲ್ಲಿಲ್ಲದ ಬಾಯಲ್ಲಿ ಹೇಳಿದ: “ಏನಯ್ಯಾ ಮಾಲೇಕ್, ಚೆಕ್‌ಪೋಸ್ಟಿನ ಆ ಚೀಲ ಇನ್ನೂ ಖಾಲಿ ಆಗಿಲ್ವಾ?”

“ನಂಗೊತ್ತಿಲ್ಲ ಅಜ್ಜ. ನನ್ನದಲ್ಲ.”

“ಎಲೆ ತಾನಾಗೇ ನಡ್ಕೊಂಡು ಬಂತಾ? ಮಕ್ಕಳಿಗೂ ಕುಡಿಸ್ತಿದ್ದೆಯಲ್ಲೋ.”

“ನನ್ನದಲ್ಲ ಅಂದೆ.” ಮಾಲೇಕ್ ಸುತ್ತ ನೋಡಿದ. ಅವನ ಕಣ್ಣು ಭಾವನ ಮುಖದ ಮೇಲೆ ಬಂದು ನಿಂತಿತು, ಸಹಾಯ ಕೇಳುವವನಂತೆ.

ರೋಹೀಮ್ ಬಾಯಿ ತೆರೆದ. ಅದೇ ಹೊತ್ತಿಗೆ ಸಂಜೆಯ ಅಜಾನ್ ಕೇಳಿಸಿತು, ಎಲ್ಲರೂ ಖರ್ಜೂರಕ್ಕೆ ಕೈ ಹಾಕಿದರು, ಅವನೂ ಹಾಕಿದ. ಆ ವರ್ಷ ಅಲ್ಲಿಯವರೆಗೆ ಅವನು ನಿಜವಾಗಿ ಹಿಡಿದ ಒಂದೇ ಒಂದು ಉಪವಾಸ ಅದು. ಮಾಲೇಕ್ ಒಂದು ಗುಟುಕು ನೀರು ಕುಡಿದು, ಗಂಜಿಗೆ ಕಾಯದೆ ಎದ್ದುಹೋದ. ಬಕೆಟ್ಟಿನ ರಸವನ್ನು ಬಾಳೆಯ ಬುಡಕ್ಕೆ ಚೆಲ್ಲಿದರು.

ಮನೆಗೆ ಬಂದ ರೋಹೀಮ್ ಮೊದಲು ಮಾಡಿದ್ದು ಕುದಿಸಿಟ್ಟ ಸೊಪ್ಪಿನ ನೀರು ಕುಡಿದದ್ದು. ಅರ್ಧ ಗಂಟೆಯೊಳಗೆ ಕಾಲಿನ ನಡುಕ ನಿಂತಿತು, ಮೂಗು ಒಣಗಿತು, ಬೆನ್ನು ಹಗುರಾಯಿತು. ಮೈಗೆ ಇಷ್ಟು ಸುಖವಾಗುತ್ತಿದೆಯಲ್ಲ ಎಂದೇ ಅವನಿಗೆ ತನ್ನ ಮೈಯ ಮೇಲೆ ಹೇಸಿಗೆಯಾಯಿತು.

ಮರುದಿನ, ಬುಧವಾರ ಬೆಳಿಗ್ಗೆ, ಮಾಲೇಕ್ ನೇರ ಗದ್ದೆಗೇ ಬಂದ. ರೋಹೀಮ್ ಆಗಷ್ಟೇ ಐದನೆಯ ಮರದಿಂದ ಇಳಿದಿದ್ದ. ಮಾಲೇಕ್ ಅಂಗಿಯೊಳಗಿಂದ ಅಂಡೆ ತೆಗೆದು ಬದುವಿನ ಮೇಲೆ ಇಟ್ಟ. ಕುತ್ತಿಗೆಯಲ್ಲಿ ಕಪ್ಪು ದಾರ.

“ರಾತ್ರಿ ಅಂಡೆ ತೊಳೀವಾಗ ಸಿಕ್ತು. ಒಳಗೆ ಇನ್ನೂ ಒಂದೆಲೆ ಅಂಟ್ಕೊಂಡಿತ್ತು. ಭಾವ, ಈ ದಾರ ಯಾರು ಕಟ್ಟಿದ್ದು?”

ರೋಹೀಮ್ ಕತ್ತಿಯ ಅಲಗನ್ನು ಒರೆಸುತ್ತ ನಿಂತ.

“ಹೋಗ್ಲಿ, ಹೇಳ್ಬೇಡಿ. ನಿಮ್ಮ ದವಡೆ ನೋಡಿದ್ರೆ ಸಾಕು. ಈಗಲೂ ಬಾಯಲ್ಲಿದೆ ಅಲ್ವಾ?”

ಇತ್ತು. ಉಗುಳಲೂ ಆಗದೆ ನುಂಗಲೂ ಆಗದೆ ಅವನು ನಿಂತಿದ್ದ.

“ಜೈಲಲ್ಲಿ ಹನ್ನೊಂದು ದಿನ ಸಿಮೆಂಟ್ ನೆಲದ ಮೇಲೆ ಕಾಲು ಒದ್ಕೊಂಡು ಬಿದ್ದಿದ್ದೆ ನಾನು” ಎಂದ ಮಾಲೇಕ್. “ನಿದ್ದೆ ಇಲ್ಲ. ಒಂದು ಸಲ ಸೆಕೆ, ಒಂದು ಸಲ ಚಳಿ. ಮೂಳೆ ಒಳಗೆ ಇರುವೆ ಬಿಟ್ಟಂಗೆ. ಪಕ್ಕದೋನು ‘ಇದು ಬರೀ ಎಲೆ ಕಣೋ, ಇದಕ್ಕೆಲ್ಲಾ ಹಿಂಗೆ ಒದ್ದಾಡ್ತಾರಾ’ ಅಂತ ನಗ್ತಿದ್ದ. ಅದಕ್ಕೇ ನಿಮ್ಮ ಮೇಲೆ ನಂಗೆ ಸಿಟ್ಟಿಲ್ಲ, ಸೊಪ್ಪಿನ ವಿಷಯಕ್ಕೆ. ನಿನ್ನೆ ನಾನು ನಿಮ್ಮನ್ನೇ ನೋಡ್ದೆ. ನೀವು ಖರ್ಜೂರ ನೋಡಿದ್ರಿ.”

“ನೀನೇ ಹೇಳ್ಬಿಡು ಮಾಲೇಕ್. ಅಂಡೆ ತೋರಿಸಿ ಹೇಳ್ಬಿಡು.”

ಮಾಲೇಕ್ ಜೋರಾಗಿ ನಕ್ಕ. “ನಾನು? ಇಪ್ಪತ್ತೆರಡು ಮರದ ಬಾಂಗ್ ರೋಹೀಮ್ ಉಪವಾಸದಲ್ಲಿ ಮರದ ಮೇಲೆ ಕೂತು ಎಲೆ ಅಗೀತಾರೆ ಅಂತ ಜೈಲಿಗೆ ಹೋಗಿಬಂದೋನು ಹೇಳ್ಬೇಕಾ? ಬಾಯಿಗೆ ಹೊಡೀತಾರೆ. ಆ ದಾರ ನಾನೇ ಕಟ್ಟಿದೆ ಅಂತಾರೆ. ಶುಕ್ರವಾರ ಗಾಡೀನ ಬೇರೆಯೋನಿಗೆ ಕೊಡ್ತಾರಂತೆ, ಆಗಲೇ ಮಾತಾಗಿದೆ. ನಮ್ಮ ಮಕ್ಕಳನ್ನ ಇವನ ಹಿಂದೆ ಕೂರಿಸೋದಾ ಅಂತ.”

ಅವನು ಅಂಡೆಯನ್ನು ಅಲ್ಲೇ ಬಿಟ್ಟು ಹೋದ. ರೋಹೀಮ್ ಆರನೆಯ ಮರ ಹತ್ತಿದ. ಗರಿಯ ನಡುವೆ ತಲೆ ಹುದುಗಿಸಿ ಇನ್ನೆರಡು ಎಲೆ ಅಗಿದ. ಕಣ್ಣೀರು ಬಂತು, ಆದರೂ ಅಗಿಯುವುದನ್ನು ನಿಲ್ಲಿಸಲಿಲ್ಲ.

ಗುರುವಾರ ಮಧ್ಯಾಹ್ನ ಅವನು ಇಮಾಮ್ ಮೂಸೊ ಅವರ ಮನೆಗೆ ಹೋದ. ಎಲ್ಲ ಹೇಳಿಬಿಡುವುದೆಂದೇ ಹೋಗಿದ್ದ. ಜಗಲಿಯಲ್ಲಿ ಕೂತು, ಟೋಪಿ ಕೈಯಲ್ಲಿ ಹಿಡಿದು, “ನಾನು ಉಪವಾಸ ಮುರಿದಿದೀನಿ, ಇಮಾಮರೇ” ಎಂದ. “ಒಂದು ದಿನ ಅಲ್ಲ.”

ಇಮಾಮರು ಬಾಗಿಲ ಕಡೆ ಒಮ್ಮೆ ನೋಡಿದರು. ಆಮೇಲೆ ದನಿ ಇಳಿಸಿ ಹೇಳಿದರು: “ಯಾಕೆ, ಹೆಂಗೆ ಅಂತ ನಂಗೆ ಹೇಳ್ಬೇಡ. ನಿನಗೂ ದೇವರಿಗೂ ಮಾತ್ರ ಗೊತ್ತಿರೋ ತಪ್ಪನ್ನ ಅವನು ಮುಚ್ಚಿಟ್ಟಿರ್ತಾನೆ. ಅವನು ಮುಚ್ಚಿದ್ದನ್ನ ನೀನು ಬಿಚ್ಚಬಾರದು. ಪಶ್ಚಾತ್ತಾಪ ಪಡು. ಹಬ್ಬ ಕಳೆದ ಮೇಲೆ ಅಷ್ಟು ದಿನ ಉಪವಾಸ ಮಾಡಿ ತೀರಿಸು. ಹೋಗು.”

‘ಮಾಲೇಕ್’ ಎನ್ನುವ ಹೆಸರು ನಾಲಿಗೆಯ ತುದಿಯವರೆಗೆ ಬಂದಿತ್ತು. ಅದನ್ನು ಹೇಳಿದ್ದರೆ ಇಮಾಮರ ಉತ್ತರವೇ ಬೇರೆಯಾಗುತ್ತಿತ್ತೆಂದು ರೋಹೀಮನಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದದ್ದರಿಂದಲೇ ಹೇಳಲಿಲ್ಲ. ಇಮಾಮರ ಕೈ ಮುಟ್ಟಿ ನಮಸ್ಕರಿಸಿ ಹೊರಟ. ದಾರಿಯುದ್ದಕ್ಕೂ ಎದೆ ಹಗುರಾಗಿತ್ತು. ದೇವರೇ ಬಾಯಿ ಮುಚ್ಚಿಕೊಂಡಿರು ಅಂದಮೇಲೆ ನಾನ್ಯಾರು ಎಂದು ತನಗೆ ತಾನೇ ಹೇಳಿಕೊಂಡ. ಅರ್ಧ ಮಾತು ಹೇಳಿ ಪೂರ್ತಿ ಬಿಡುಗಡೆ ತಂದಿದ್ದ.

ಮಾಲೇಕನ ಮನೆ ದಾರಿಯಲ್ಲೇ ಇತ್ತು. ಹುಣಸೆ ಮರದ ಕೆಳಗೆ ಗಾಡಿ ನಿಂತಿತ್ತು. ಮಾಲೇಕ್ ಕುಕ್ಕರಗಾಲಲ್ಲಿ ಕೂತು ಸ್ಪ್ಯಾನರ್ ಹಿಡಿದು ಮಕ್ಕಳ ಬೆಂಚಿನ ಬೋಲ್ಟು ಬಿಚ್ಚುತ್ತಿದ್ದ. ಒಂದು ಹಲಗೆ ಆಗಲೇ ಗೋಡೆಗೆ ಒರಗಿತ್ತು. ಅದರ ಅಂಚನ್ನು ಮಕ್ಕಳ ತೊಡೆಗೆ ತಾಗದಂತೆ ಉಜ್ಜಿ ದುಂಡಗೆ ಮಾಡಿದ್ದು ದೂರಕ್ಕೇ ಕಾಣುತ್ತಿತ್ತು. ಮಾಲೇಕ್ ತಲೆ ಎತ್ತಿ ಭಾವನನ್ನು ನೋಡಿದ, ಮುಂದಿನ ಬೋಲ್ಟಿಗೆ ಕೈ ಹಾಕಿದ.

ರೋಹೀಮ್ ಮನೆಗೆ ಬಂದು ಕೂತ. ಎದೆಯಲ್ಲಿ ಹಗುರ ಎನ್ನುವುದು ಉಳಿದಿರಲಿಲ್ಲ.

ಶುಕ್ರವಾರ ಅವನು ಮರ ಹತ್ತಲಿಲ್ಲ. ಜಾವದಿಂದ ಎಲೆಯನ್ನೂ ಮುಟ್ಟಲಿಲ್ಲ. ಬಾಯಲ್ಲಿ ಅದನ್ನಿಟ್ಟುಕೊಂಡು ಅದರ ಮಾತಾಡಬಾರದು ಎನ್ನುವಷ್ಟು ಮಾತ್ರ ಅವನಿಗೆ ನಿಶ್ಚಯವಾಗಿತ್ತು. ಮಧ್ಯಾಹ್ನದ ನಮಾಜು ಮುಗಿದು, ಕಮಿಟಿಯವರು ಹಿಂದಿನ ಸಾಲಿಗೆ ಸೇರುತ್ತಿದ್ದಾಗ ಅವನು ಕಂಬ ಹಿಡಿದು ಎದ್ದುನಿಂತ. ಅಷ್ಟು ಹೊತ್ತಿಗೆ ಮೂಗು, ಕಣ್ಣು ಎರಡೂ ಹರಿಯುತ್ತಿದ್ದವು.

“ಮಂಗಳವಾರದ ಎಲೆ ನಂದು. ಮಾಲೇಕ್‌ದಲ್ಲ. ನಾನೇ ಅಂಡೇಲಿಟ್ಟಿದ್ದೆ. ತಪ್ಪಿ ಹೊಂಬಾಳೆಗೆ ಕಟ್ಟಿಬಿಟ್ಟೆ. ಅವನು ಗೊತ್ತಿಲ್ದೆ ಇಳಿಸಿದ.”

ಯಾರೋ “ಬಾಂಗ್, ಕೂತ್ಕೊಳ್ಳಿ, ಜ್ವರ ಇದೆ ನಿಮಗೆ” ಎಂದರು.

“ಜ್ವರ ಅಲ್ಲ. ಮೂರು ವರ್ಷದಿಂದ ಉಪವಾಸದ ತಿಂಗಳಲ್ಲಿ ಮರದ ಮೇಲೆ ಕೂತು ಅಗೀತಿದೀನಿ. ಅದಿಲ್ದೆ ಮಧ್ಯಾಹ್ನದವರೆಗೂ ಇರಕ್ಕಾಗಲ್ಲ ನಂಗೆ.”

ಇಮಾಮ್ ಮೂಸೊ ಕಣ್ಣು ಮುಚ್ಚಿಕೊಂಡರು. ಪಕ್ಕದವನೊಬ್ಬ ಕನಿಕರದಿಂದ ರೋಹೀಮನ ಬೆನ್ನು ಸವರಿ, “ಅಳಬೇಡಿ ಬಾಂಗ್, ಮನುಷ್ಯನಿಂದ ತಪ್ಪಾಗುತ್ತೆ” ಎಂದ.

ಆ ಕನಿಕರವನ್ನು ಇಟ್ಟುಕೊಳ್ಳಬಹುದಿತ್ತು. “ಅಳ್ತಿಲ್ಲಪ್ಪ ನಾನು” ಎಂದ ರೋಹೀಮ್ ಅಂಗಿಯ ತೋಳಿಂದ ಮೂಗು ಒರೆಸಿಕೊಂಡು. “ಎಲೆ ಸಿಗದಿದ್ರೆ ಹಿಂಗೆ ಸುರಿಯುತ್ತೆ. ಅಳು ಅಂತ ತಿಳ್ಕೋಬೇಡಿ.”

ಮುದುಕ ದೇಮ ಕೆಮ್ಮಿದ. “ಹಂಗಾದ್ರೆ ಮೂರು ವರ್ಷದಿಂದ ನೀನು ಮರ ಹತ್ತುತ್ತಿದ್ದಿದ್ದು ಊಟದ ಮನೆಗೇನಯ್ಯಾ?”

ಹಿಂದಿನ ಸಾಲಿನಲ್ಲಿ ಒಬ್ಬ ಫಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡ. ಇನ್ನಿಬ್ಬರು ನೆಲ ನೋಡಿದರು. ಬಯ್ಗುಳಕ್ಕೆ ರೋಹೀಮ್ ಸಿದ್ಧನಾಗಿ ಬಂದಿದ್ದ, ನಗುವಿಗೆ ಸಿದ್ಧನಾಗಿರಲಿಲ್ಲ. ಮಾಲೇಕ್ ಬಾಗಿಲ ಬಳಿ ನಿಂತಿದ್ದ. ನಗಲಿಲ್ಲ, ಹತ್ತಿರವೂ ಬರಲಿಲ್ಲ. ಕಮಿಟಿ ಗಾಡಿಯನ್ನು ಅವನಿಗೇ ಕೊಟ್ಟಿತು. ಹೊರಗೆ ಚಪ್ಪಲಿ ಮೆಟ್ಟುವಾಗ ಮಾತ್ರ ಅವನು ಭಾವನಿಗೆ ಕೇಳುವಷ್ಟು ಹೇಳಿದ: “ಮೂರು ದಿನ ತಗೊಂಡ್ರಿ.” ಅಷ್ಟು ಹೇಳಿ ಬೆಂಚು ಮತ್ತೆ ಕೂರಿಸಲು ಹೋದ.

ಸುದ್ದಿ ರೋಹೀಮನಿಗಿಂತ ಮೊದಲೇ ಮನೆ ಮುಟ್ಟಿತ್ತು. ರೊಬಿಯಾ ಬೆಲ್ಲದ ಬಾಣಲೆ ಉಜ್ಜುತ್ತಿದ್ದಳು. ತಿರುಗಿ ನೋಡಲಿಲ್ಲ.

“ನಿಂಗೆ ಹೇಳ್ಬೇಕಿತ್ತು ಮೊದಲು” ಎಂದ.

“ನಂಗೊತ್ತಿತ್ತು. ಎಲೆಯಿಂದ ನಾರು ಎಳೆದು ಮೇಲಿಂದ ಬಿಸಾಕ್ತಿದ್ರಲ್ಲ, ಅದೆಲ್ಲ ಎಲ್ಲಿ ಹೋಗುತ್ತೆ ಅಂದ್ಕೊಂಡಿದ್ರಿ? ಗಾಳಿಗಾ? ನೀವು ಮಲಗಿದ್ಮೇಲೆ ದಿನಾ ಇಪ್ಪತ್ತೆರಡು ಮರದ ಬುಡ ಗುಡಿಸ್ತಿದ್ದೋಳು ನಾನು. ಯಾರ ಕಣ್ಣಿಗಾದ್ರೂ ಬಿದ್ದೀತು ಅಂತ.”

“ಒಂದು ದಿನವಾದ್ರೂ ಕೇಳ್ಬಾರದಿತ್ತಾ?”

“ಕೇಳಿದ್ರೆ ಸುಳ್ಳು ಹೇಳ್ತಿದ್ರಿ. ಆಮೇಲೆ ಆ ಸುಳ್ಳನ್ನೂ ನಾನೇ ಹೊರಬೇಕಿತ್ತು.” ಬೂದಿ ಹಾಕಿ ಇನ್ನೂ ಜೋರಾಗಿ ಉಜ್ಜಿದಳು. “ನನ್ನ ತಮ್ಮನ ಮೇಲೆ ಬಂದಾಗ್ಲೂ ಬಾಯಿ ಬಿಡ್ಲಿಲ್ಲ ನೋಡಿ, ನಾನೂ. ನೀವು ಹೇಳ್ತೀರಿ, ನೀವೇ ಹೇಳ್ತೀರಿ ಅಂತ ಕೂತಿದ್ದೆ. ಮಂಗಳವಾರ ಹೋಯ್ತು, ಬುಧವಾರ ಹೋಯ್ತು.” ತಾನೊಬ್ಬನೇ ಹೊತ್ತಿದ್ದೇನೆಂದುಕೊಂಡಿದ್ದ ನಾಚಿಕೆಯನ್ನು ಅವಳ ಕೈಯಲ್ಲೂ ಮೂರು ವರ್ಷ ಹೊರಿಸಿದ್ದೆ ಎಂದು ರೋಹೀಮನಿಗೆ ಆಗ ಅರಿವಾಯಿತು.

ಮಾರನೆಯ ದಿನ ಅವಳೇ ಅವನನ್ನು ಆರೋಗ್ಯ ಕೇಂದ್ರಕ್ಕೆ ಕರೆದೊಯ್ದಳು. ಅಲ್ಲಿನ ನರ್ಸ್ ಎಲೆ ಎಷ್ಟೆಂದು ಕೇಳಿದಳು. ಅವನು ಮೂವತ್ತು ಎಂದ. ರೊಬಿಯಾ ಅರವತ್ತು ಎಂದಳು. ನರ್ಸ್ ಅರವತ್ತು ಬರೆದುಕೊಂಡಳು. ಒಮ್ಮೆಗೇ ಬಿಟ್ಟು ಮರ ಹತ್ತಿದರೆ ಬೀಳುತ್ತೀರಿ, ಮೂರು ದಿನಕ್ಕೆ ಎರಡೆರಡು ಎಲೆ ಕಡಿಮೆ ಮಾಡಿ, ಕುದಿಸಿದ ನೀರು ಮೊದಲು ನಿಲ್ಲಿಸಿ, ನಿದ್ದೆ ಬರದಿದ್ದರೆ ಅಥವಾ ಮೈ ತೀರಾ ಅದುರಿದರೆ ಬನ್ನಿ, ಔಷಧ ಇದೆ ಎಂದಳು. “ನಾಚ್ಕೋಬೇಡಿ ಅಜ್ಜ, ವಾರಕ್ಕೆ ನಾಲ್ಕು ಜನ ಬರ್ತಾರೆ” ಎಂದೂ ಹೇಳಿದಳು. ಆ ನಾಲ್ವರು ಯಾರೆಂದು ಕೇಳಬೇಕೆನಿಸಿತು. ಕೇಳಲಿಲ್ಲ.

ಉಳಿದ ಉಪವಾಸದ ದಿನಗಳಲ್ಲಿ ಮಸೀದಿಗೆ ರಸ ಬೇರೆ ಮನೆಯಿಂದ ಹೋಯಿತು. ಬೇಡ ಎಂದು ಯಾರೂ ಹೇಳಿರಲಿಲ್ಲ. ಅವನೇ ಕಳಿಸಲಿಲ್ಲ.

ಹಬ್ಬ ಕಳೆಯಿತು. ಊರೆಲ್ಲ ಹಗಲು ಹೊತ್ತಿನಲ್ಲಿ ಮತ್ತೆ ತಿನ್ನತೊಡಗಿತು. ರೋಹೀಮ್ ಆಗ ಉಪವಾಸ ಶುರುಮಾಡಿದ. ಮೂರು ವರ್ಷದಲ್ಲಿ ಎಷ್ಟು ದಿನ ಮುರಿದಿದ್ದೆನೆಂದು ಅವನಿಗೆ ಸರಿಯಾಗಿ ನೆನಪಿರಲಿಲ್ಲ. ಅನುಮಾನ ಬಂದ ದಿನವನ್ನೆಲ್ಲ ಮುರಿದದ್ದೇ ಎಂದು ಹಿಡಿದು ಎಪ್ಪತ್ತು ಎಂದು ನಿಶ್ಚಯಿಸಿಕೊಂಡ. ಎಲೆ ಐವತ್ತಕ್ಕೆ ಇಳಿದಿತ್ತು, ಜಾವಕ್ಕೆ ಅರ್ಧ, ಸಂಜೆಗೆ ಅರ್ಧ. ಮರ ಎಂಟಕ್ಕೆ ಇಳಿದಿತ್ತು. ಒಂದು ದಿನ ತಡೆಯಲಾಗದೆ ಹನ್ನೆರಡು ಗಂಟೆಗೆ ಎರಡೆಲೆ ಅಗಿದ. ಈ ಸಲ ಮರದ ಮೇಲಲ್ಲ, ಅಂಗಳದಲ್ಲೇ, ರೊಬಿಯಾ ನೋಡುತ್ತಿದ್ದಂತೆ. ಆ ದಿನವನ್ನು ಲೆಕ್ಕದಿಂದ ಬಿಟ್ಟ.

ಕಷ್ಟವಾದದ್ದು ಚಹಾದಂಗಡಿ. ಮನೆಗೆ ಹೋಗಲು ಅದರ ಮುಂದೆಯೇ ಹಾಯಬೇಕು. ರೊಟ್ಟಿ ಬಡಿಯುವ ಸದ್ದು, ಹಾಲುಚಹಾದ ವಾಸನೆ, ಬೆಂಚಿನ ತುಂಬ ಗೊತ್ತಿದ್ದ ಮುಖಗಳು. ಒಂದು ಬೆಳಿಗ್ಗೆ ದೇಮ ಪಕ್ಕಕ್ಕೆ ಸರಿದು ಜಾಗ ಮಾಡಿದ.

“ಬಾ ರೋಹೀಮ್, ಕೂತ್ಕೋ. ಒಂದು ಚಾ ಕುಡಿ.”

ಈಗ ಯಾರೂ ಬಾಂಗ್ ಅನ್ನುತ್ತಿರಲಿಲ್ಲ. ಅವನು ಅದನ್ನು ಕೇಳಿಸಿಕೊಂಡ.

“ಉಪವಾಸ, ಅಜ್ಜ.”

ಈ ತಿಂಗಳಲ್ಲಿ ಅವನು ಬೇಡವೆಂದ ಒಂದೊಂದು ಲೋಟವೂ ಅಲ್ಲಿದ್ದವರಿಗೆ ಎಲ್ಲವನ್ನೂ ಮತ್ತೆ ಹೇಳಿದಂತೆಯೇ. ‘ಹೊಟ್ಟೆ ಸರಿಯಿಲ್ಲ’ ಎಂದರೆ ಸಾಕಿತ್ತು. ಅನ್ನಲಿಲ್ಲ.

“ಎಷ್ಟನೇದು?” ಕೇಳಿದ ದೇಮ.

“ಹನ್ನೊಂದು.”

“ಇನ್ನೆಷ್ಟಿದೆ?”

“ಐವತ್ತೊಂಬತ್ತು.”

ದೇಮ ತನ್ನ ಲೋಟವನ್ನು ನೋಡಿದ, ಅದನ್ನು ಬೆಂಚಿನ ಆಚೆ ಬದಿಗೆ ಸರಿಸಿ ಇಟ್ಟ. “ನನ್ನ ಆಯಸ್ಸಿನಲ್ಲಿ ಮುಗಿಯೋದು ಕಾಣೆ” ಎಂದ, ಈ ಸಲ ನಗದೆ. ಅಷ್ಟರಲ್ಲಿ ಮಾಲೇಕನ ಗಾಡಿ ಬಂತು. ಮಕ್ಕಳು ಎರಡು ಬೆಂಚಿನ ಮೇಲೆ ಪಾಠದ ಪುಸ್ತಕ ಎದೆಗೊತ್ತಿಕೊಂಡು ಕಿರುಚಾಡುತ್ತಿದ್ದರು. ರೋಹೀಮ್ ಕೈ ಎತ್ತಿದ. ಮಾಲೇಕ್ ಕೈ ಎತ್ತಲಿಲ್ಲ. ಆದರೆ ರಸ್ತೆಯ ಕೆಂಪು ಧೂಳು ಭಾವನ ಮೇಲೆ ಏಳದಂತೆ ಅಲ್ಲಿ ಮಾತ್ರ ಗಾಡಿಯ ವೇಗ ತಗ್ಗಿಸಿ, ದಾಟಿದ ಮೇಲೆ ಮತ್ತೆ ಜೋರು ಮಾಡಿದ.

ರೋಹೀಮ್ ಅಂಡೆಗಳ ಗೊಂಚಲನ್ನು ಹೆಗಲು ಬದಲಿಸಿಕೊಂಡು, ಬಿಸಿಲಿನಲ್ಲಿ ಮನೆಯ ಕಡೆ ನಡೆದ. ಸಂಜೆಗೆ ಇನ್ನೂ ಒಂಬತ್ತು ಗಂಟೆ ಇತ್ತು.